ಬಚ್ಚಲಿನೊಳಗೇ ವಾಷಿಂಗ್ ಮಷಿನ್: ಗೋಡೆ ಒಡೆಯುವ ಮೊದಲು ಏನೇನು ನೋಡಬೇಕು?

ಪ್ರಶ್ನೆ (ಚಿಕ್ಕಮಗಳೂರು):
ನಮಸ್ತೆ ಸರ್. ನಮ್ಮದು ಅಪ್ಪ ಕಟ್ಟಿಸಿದ ಹಳೇ ಮನೆ. ಹಿಂದುಗಡೆ 5 ಅಡಿ ಅಗಲ, 6 ಅಡಿ ಉದ್ದದ ಬಚ್ಚಲಿದೆ. ಅದಕ್ಕೆ ಅಂಟಿಕೊಂಡೇ ಒಗೆಯುವ ಕಲ್ಲಿನ ಜಾಗ, 5ಕ್ಕೆ 4 ಅಡಿ. ಎರಡರ ಮೇಲೂ ಒಂದೇ ಆರ್‌ಸಿಸಿ ತಾರಸಿ. ನಡುವಿನ ಗೋಡೆ ತೆಗೆದು ಒಂದೇ ಕೋಣೆ ಮಾಡಿ, ಮಷಿನ್ ಒಳಗೇ ಇಡಬೇಕು ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಬಟ್ಟೆ ಹೊತ್ತು ಓಡಾಡೋದು ನೋಡಿದ್ರೆ ಭಯ ಆಗುತ್ತೆ. ಆದರೆ ಹಂಡೆ ಒಲೆ ಮಾತ್ರ ಇರಲೇಬೇಕು ಅಂತಾರೆ. ಟೈಲ್ಸ್ ಆರಿಸಿಟ್ಟಿದ್ದೇವೆ. ಮೇಸ್ತ್ರಿ ಮುಂದಿನ ವಾರವೇ ಶುರು ಮಾಡೋಣ ಅನ್ನುತ್ತಿದ್ದಾರೆ.

ಉತ್ತರ (ಸಿವಿಲ್ ಎಂಜಿನಿಯರ್, ಹಾಸನ):
ಮೇಡಂ, ಟೈಲ್ಸ್ ಹಾಗೇ ಇರಲಿ. ಮೊದಲು ಆ ನಡುವಿನ ಗೋಡೆಯ ದಪ್ಪ ಅಳೆಯಿರಿ. ನಾಲ್ಕೂವರೆ ಇಂಚಿದ್ದರೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಒಂಬತ್ತು ಇಂಚಿದ್ದರೆ ಹಳೇ ಮನೆಗಳಲ್ಲಿ ಅದೇ ಆರ್‌ಸಿಸಿಯನ್ನು ಹೊತ್ತಿರುತ್ತದೆ. ಮೇಲೆ ಬೀಮ್ (ತೊಲೆ) ಕೊಡದೆ ಅದನ್ನು ತೆಗೆಯುವಂತಿಲ್ಲ. ಎಷ್ಟೇ ದಪ್ಪ ಇರಲಿ, ಒಬ್ಬ ಎಂಜಿನಿಯರ್‌ಗೆ ಜಾಗದಲ್ಲೇ ತೋರಿಸಿ, ಆಮೇಲೆ ಸುತ್ತಿಗೆ ಎತ್ತಲಿ.

ಎರಡನೆಯದು, ನೀರು ಹೋಗುವ ದಾರಿ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯಲ್ಲಿ ಮಷಿನ್ ಪೈಪನ್ನು ಸ್ನಾನದ ನೀರು ಹೋಗುವ ನಾನಿ ಟ್ರ್ಯಾಪ್‌ಗೇ (ನೆಲದಲ್ಲಿ ಜಾಲರಿ ಮುಚ್ಚಿರುವ ನೀರಿನ ಬಾಯಿ) ಇಳಿಬಿಟ್ಟಿದ್ದೆ. ಮೊದಲ ಸಲ ಮಷಿನ್ ನೀರು ಹೊರಹಾಕಿದಾಗ ಜಾಲರಿಯಿಂದ ಬಿಳಿ ನೊರೆ ಉಕ್ಕಿ ಉಕ್ಕಿ ಬಂದು ಹೊಸ್ತಿಲು ದಾಟಿ ನಡುಮನೆಗೆ ಹೋಯಿತು. ಆ ಮನೆಯ ಅಜ್ಜಿ ಸೀರೆ ಎತ್ತಿ ಹಿಡಿದು ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಪ್ಪು ನನ್ನದೇ. ಮಷಿನ್ ನೀರನ್ನು ಸುಮ್ನೆ ಬಿಡುವುದಿಲ್ಲ, ಪಂಪ್ ಮಾಡಿ ತಳ್ಳುತ್ತದೆ. ಕೂದಲು, ಸೋಪಿನ ಜಿಡ್ಡು ತುಂಬಿದ ಟ್ರ್ಯಾಪ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಹಾಗಾಗಿ ಮಷಿನ್‌ಗೆ ಗೋಡೆಯಲ್ಲೇ ಬೇರೆ ನಿಲುವು ಪೈಪು, ಅದಕ್ಕೆ ಅದರದ್ದೇ ಟ್ರ್ಯಾಪ್ ಇರಲಿ. ಪೈಪಿನ ಬಾಯಿ ನೆಲದಿಂದ ಎರಡರಿಂದ ಮೂರು ಅಡಿ ಮೇಲಿರಲಿ. ಹೊರಗಿನ ಚೇಂಬರ್‌ವರೆಗೂ (ಪೈಪುಗಳು ಸೇರುವ ತೊಟ್ಟಿ) ಅದು ಬೇರೆಯಾಗಿಯೇ ಹೋದರೆ ಇನ್ನೂ ಒಳ್ಳೆಯದು.

ನಿಮ್ಮದು 10 ಅಡಿ ಉದ್ದದ ಕೋಣೆ ಆಗುತ್ತದೆ. ಸ್ನಾನದ ಜಾಗ ಒಳತುದಿಯಲ್ಲಿ, ಮಷಿನ್ ಬಾಗಿಲ ಕಡೆ. ನಡುವೆ ಗಾಜೋ ಅರ್ಧ ಗೋಡೆಯೋ ಇರಲಿ, ನೀರು ಸಿಡಿಯಬಾರದು. ಹೆಚ್ಚಿನ ಮಷಿನ್‌ಗಳು ಎರಡಡಿ ಅಗಲ, ಎರಡಡಿ ಆಳ ಇರುತ್ತವೆ. ಹಿಂದೆ ಪೈಪಿಗೆ ನಾಲ್ಕು ಇಂಚು ಬಿಡಿ. ಮುಂದೆ ಬಾಗಿಲು ತೆಗೆಯುವ ಮಷಿನ್ ಆದರೆ ಅಮ್ಮ ಅಲ್ಲಿ ಸ್ಟೂಲ್ ಹಾಕಿ ಕೂರುವಷ್ಟು ಜಾಗ ಬೇಕು. ಮಂಡಿ ನೋವಿದ್ದವರು ಬಗ್ಗಿ ಬಟ್ಟೆ ತೆಗೆಯಲಾರರು, ಅಲ್ವಾ?

ಎರಡು ಜಾಗಗಳ ನಡುವೆ ಮೆಟ್ಟಿಲು ಮಾಡಿಸಬೇಡಿ. ಐದಡಿಗೆ ಮುಕ್ಕಾಲು ಇಂಚು ಇಳಿಜಾರು ಸಾಕು. ನೆಲಕ್ಕೆ ಒರಟು ಮೈಯ ಟೈಲ್ಸ್, ಗೋಡೆಗೆ ಹಿಡಿಕೆ ಹಾಕಿಸಿ. ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ.

ಪ್ರಶ್ನೆ:
ತುಂಬಾ ಉಪಕಾರ ಸರ್. ಹಂಡೆ ಒಲೆ ಏನು ಮಾಡೋದು? ವಾಟರ್‌ಪ್ರೂಫಿಂಗ್ ಎರಡು ಕೋಟ್ ಹಾಕಿ ಮಾರನೇ ದಿನವೇ ಟೈಲ್ಸ್ ಅಂಟಿಸ್ತೀನಿ ಅಂತಾರೆ ಮೇಸ್ತ್ರಿ.

ಉತ್ತರ:
ಒಲೆಯ ಬಾಯಿ ಗೋಡೆಯ ಆಚೆಗಿದ್ದರೆ ಹಂಡೆ ಇರಲಿ, ನಾನೂ ಅದರ ನೀರಲ್ಲೇ ಬೆಳೆದವನು. ಬಾಯಿ ಒಳಗಿದ್ದರೆ ಮಾತ್ರ ಆಚೆ ತಿರುಗಿಸಲೇಬೇಕು. ಮುಚ್ಚಿದ ಕೋಣೆಯ ಹೊಗೆ ಪ್ರಾಣಕ್ಕೆ ಕುತ್ತು, ಮಷಿನ್ ಮೇಲೂ ಮಸಿ ಕೂರುತ್ತದೆ.

ಟೈಲ್ಸ್ ವಿಷಯದಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿ ನಿಲ್ಲಿ. ಕೋಟ್ ನೆಲಕ್ಕಷ್ಟೇ ಸಾಲದು. ಗೋಡೆಗೆ ಒಂದಡಿ ಹತ್ತಬೇಕು, ಸ್ನಾನದ ಕಡೆ ತಲೆ ಎತ್ತರಕ್ಕೆ. ಅದು ಪೂರ್ತಿ ಒಣಗಿದ ಮೇಲೆ ಟ್ರ್ಯಾಪ್ ಬಾಯಿಗೆ ಬಟ್ಟೆ ಗಿಡಿದು, ಎರಡು ಇಂಚು ನೀರು ಕಟ್ಟಿ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ 48 ಗಂಟೆ ಬಿಡಿ. ಆರುವುದರಿಂದ ಒಂದು ಎಳೆಯಷ್ಟು ಇಳಿಯಬಹುದು. ಅದಕ್ಕಿಂತ ಜಾಸ್ತಿ ಇಳಿದರೆ, ಅಥವಾ ಪಕ್ಕದ ಕೋಣೆಯ ಗೋಡೆ ಬುಡ ಕಪ್ಪಾದರೆ, ಎಲ್ಲೋ ಸೋರುತ್ತಿದೆ. ಆಗ ಸರಿಮಾಡಲು ಒಂದು ದಿನ ಸಾಕು. ಟೈಲ್ಸ್ ಅಂಟಿದ ಮೇಲೆ ಗೊತ್ತಾದರೆ ಇಡೀ ನೆಲ ಕೀಳಬೇಕು.

ಅಂದ ಹಾಗೆ, ಈ ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗಿನ ಕಾಲ ಚೆನ್ನ. ನಿಮ್ಮ ಕಡೆಯ ಮಳೆಯಲ್ಲಿ ಪ್ಲಾಸ್ಟರೇ ಆರುವುದಿಲ್ಲ, ಅದರ ಮೇಲೆ ಕೋಟ್ ಹಿಡಿಯುವುದು ಕಷ್ಟ.

ಸದಸ್ಯರೊಬ್ಬರು (ಸಕಲೇಶಪುರ):
ಸರ್, ನಮ್ಮನೇಲಿ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದೆ. ಚಳಿ ಅಂತ ಕಿಟಕಿ ಮುಚ್ಚಿಕೊಂಡೇ ಸ್ನಾನ ಮಾಡ್ತೀವಿ.

ಉತ್ತರ:
ಅಣ್ಣ, ಇವತ್ತೇ ನಿಲ್ಲಿಸಿ. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತಾಗುವುದರೊಳಗೆ ಪ್ರಜ್ಞೆ ತಪ್ಪುತ್ತದೆ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಪೈಪು ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಹೊರಗೆ ನೀರು ಕಾಯಿಸಿ ಬಕೆಟ್‌ನಲ್ಲಿ ಒಯ್ಯಿರಿ.

ಪ್ರಶ್ನೆ:
ಸರ್, ಕೊನೆಯದಾಗಿ ಕರೆಂಟ್ ಮತ್ತೆ ಸೋಪಿನ ನೀರು?

ಉತ್ತರ:
ಮಷಿನ್‌ಗೆ 16 ಆಂಪ್ ಪ್ಲಗ್, ಸ್ನಾನದ ಜಾಗದಿಂದ ಆದಷ್ಟು ದೂರ, ಮುಚ್ಚಳ ಇರುವಂಥದ್ದು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ನೋಡಿ, ಇಲ್ಲದಿದ್ದರೆ ಮೊದಲು ಹಾಕಿಸಿ. ಎಲ್ಲೋ ಕರೆಂಟ್ ಸೋರಿ ಮೈಗೆ ತಾಗಿದರೂ ಕ್ಷಣದಲ್ಲಿ ಲೈನ್ ಕಟ್ ಮಾಡುವುದು ಅದೇ. ಹಳೇ ಮನೆಯಾದ್ದರಿಂದ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಸೋಪಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಅಷ್ಟು ನೀರು ಒಮ್ಮೆಲೇ ನುಗ್ಗಿದರೆ ತಳದಲ್ಲಿ ಕೊಳೆಯಬೇಕಾದದ್ದು ಕೊಳೆಯದೆ ಮುಂದಕ್ಕೆ ಹೋಗಿ ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಬೇರೆ ಇಂಗುಗುಂಡಿ ಮಾಡಿಸಿ, ಬಾವಿ ಇದ್ದರೆ ಅದರಿಂದ ದೂರದಲ್ಲಿ.

ಟೈಲ್ಸ್ ಅಂಟಿಸುವ ಹಿಂದಿನ ಸಂಜೆ ಗೋಡೆಗೆ ಟೇಪ್ ಹಿಡಿದು ಎಲ್ಲ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಅಮ್ಮನ ಹಿಡಿಕೆಗೆ ಡ್ರಿಲ್ ಹಾಕುವ ದಿನ ಬೇಕಾಗುತ್ತದೆ.