ಮೂರು ಪದಕ್ಕೂ ಅಂಟುವ ಒಂದೇ ಪದ: ಮೂರು ಒಗಟು ಬಿಡಿಸಲು ಆಗುತ್ತಿಲ್ಲ

ಪದಬೇಟೆ:
ಗೆಳೆಯನೊಬ್ಬ ನಾಲ್ಕು ಪದದೊಗಟು ಮಾಡಿ ಕಳಿಸಿದ್ದಾನೆ. ನಿಯಮ ಸುಲಭ. ಮೂರು ಪದ ಕೊಟ್ಟಿರುತ್ತಾನೆ, ಮೂರಕ್ಕೂ ಅಂಟುವ ಒಂದೇ ಪದ ಹುಡುಕಬೇಕು. ಹಿಂದೆ ಅಂಟಿದರೂ ಸರಿ, ಮುಂದೆ ಅಂಟಿದರೂ ಸರಿ, ಆದರೆ ಅಂಟಿದ ಮೇಲೆ ಅದು ಜನ ನಿಜವಾಗಿ ಆಡುವ ಮಾತಾಗಿರಬೇಕು. ಜೋಡುಪದವೋ ನುಡಿಗಟ್ಟೋ ಏನಾದರೂ ಆಗಲಿ.

1. ಮಳೆ, ಚಳಿ, ಬರ
2. ರೇಷ್ಮೆ, ಕಂಬಳಿ, ಮಿಂಚು
3. ಮೇಷ, ನಕ್ಷತ್ರ, ಖಂಡ
4. ಮರ, ತೋಟ, ಕನ್ನಡಿ

ಮೊದಲನೆಯದು ಓದುತ್ತಿದ್ದ ಹಾಗೇ ಹೊಳೆಯಿತು. ಕಾಲ. ಅದರಲ್ಲೂ ನನಗೊಂದು ತಕರಾರಿದೆ. ನಾವು ಹೇಳುವುದು ಮಳೆಗಾಲ, ಚಳಿಗಾಲ, ಬರಗಾಲ. ಮೂರರಲ್ಲೂ ಇರುವುದು ಗಾಲ! ಹಾಗಾದರೆ ಉತ್ತರ ಕಾಲವೋ ಗಾಲವೋ? ಇದು ಮೋಸ ಅಲ್ವಾ?

ಉಳಿದ ಮೂರು ಮಾತ್ರ ನಿನ್ನೆ ರಾತ್ರಿಯಿಂದ ತಲೆಗೆ ಹುಳ ಬಿಟ್ಟು ಕೂತಿವೆ. ಎರಡನೆಯದಕ್ಕೆ ಸೀರೆ, ನೂಲು, ಬಟ್ಟೆ ಎಲ್ಲ ಆಯಿತು. ಮೂರನೆಯದಕ್ಕೆ ರಾಶಿ ಅಂತ ಖಾತ್ರಿಯಾಗಿ ಅಂದುಕೊಂಡಿದ್ದೆ, ಖಂಡ ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಮಾವು ಅಂದೆ, ಕನ್ನಡಿ ನಕ್ಕಿತು. ಈಗ ಕೈಚೆಲ್ಲಿ ಕೂತಿದ್ದೇನೆ. ಗೊತ್ತಿರುವವರು ಮೀನಮೇಷ ಎಣಿಸದೆ ಒಂದು ದಾರಿ ತೋರಿಸಿ. ಉತ್ತರಕ್ಕಿಂತ, ಇಂಥದ್ದನ್ನು ಹೇಗೆ ಯೋಚಿಸಬೇಕು ಅನ್ನುವುದೇ ಬೇಕಾಗಿರುವುದು.

ಹಳೇ ಪೆನ್ಸಿಲ್:
ನಿಮ್ಮ ಪೋಸ್ಟನ್ನು ನೀವೇ ಇನ್ನೊಂದು ಸಲ ಓದಿ. ಜೋರಾಗಿ ಓದಿ. ಕೊನೆಯ ಪ್ಯಾರಾ ಮಾತ್ರ ಸಾಕು.

ತಮಾಷೆ ಮಾಡುತ್ತಿಲ್ಲ. ನೀವು ಬಿಡಿಸಲಾಗದ ಮೂರಕ್ಕೂ ಉತ್ತರ ಅಲ್ಲೇ ಇದೆ, ನಿಮ್ಮ ಕೈಯಾರೆ ಬರೆದಿದ್ದೀರಿ. (ಈ ವಾಕ್ಯವನ್ನೂ ಸ್ವಲ್ಪ ನಿಧಾನವಾಗಿ ಓದಿ.)

ಈ ಆಟದ ಮಜಾನೇ ಇದು. ನುಡಿಗಟ್ಟು ನಾಲಿಗೆಗೆ ಎಷ್ಟು ಒಗ್ಗಿಹೋಗಿರುತ್ತದೆ ಅಂದರೆ, ಅದರ ಒಳಗೆ ಯಾವ ಯಾವ ಪದ ಇದೆ ಅಂತ ನಮಗೆ ಕಾಣುವುದೇ ಇಲ್ಲ.

ದಾರಿ ಕೇಳಿದಿರಲ್ಲ, ನಾನು ಮಾಡುವುದು ಇಷ್ಟೇ. ಮೂರು ಸುಳಿವಿನಲ್ಲಿ ಅತಿ ಹೆಚ್ಚು ಹಟಮಾರಿ ಯಾವುದು ಅಂತ ನೋಡುತ್ತೇನೆ. ಅಂದರೆ ಯಾವುದಕ್ಕೆ ಜೊತೆಗಾರರು ಕಡಿಮೆ ಅದು. ಮರ ಅನ್ನುವ ಪದಕ್ಕೆ ನೂರು ಪದ ಅಂಟುತ್ತವೆ, ಅಲ್ಲಿಂದ ಶುರು ಮಾಡಿದರೆ ಕಾಡಿನಲ್ಲಿ ಕಳೆದುಹೋದ ಹಾಗೆ. ಮೇಷ ತೆಗೆದುಕೊಳ್ಳಿ. ಮೇಷರಾಶಿ, ಮೇಷಲಗ್ನ, ಆಮೇಲೆ? ದಿನಬಳಕೆಯಲ್ಲಿ ಇನ್ನೊಂದೇ ಒಂದು ಮಾತು ಉಳಿಯುತ್ತದೆ. ಅಲ್ಲಿಗೆ ಮುಗೀತು.

ಸುಮ್ನೆ ಬಂದೆ:
ಎರಡನೆಯದು ಹುಳ!! ರೇಷ್ಮೆಹುಳ, ಕಂಬಳಿಹುಳ, ಮಿಂಚುಹುಳ. ನಾನೂ ಐದು ನಿಮಿಷ ಸೀರೆ ಅಂಗಡಿಯಲ್ಲೇ ಸುತ್ತುತ್ತಿದ್ದೆ. ರೇಷ್ಮೆ, ಕಂಬಳಿ ಪಕ್ಕಪಕ್ಕ ಇಟ್ಟು, ಮೇಲೆ ಮಿಂಚು ಬೇರೆ ಸೇರಿಸಿದ್ದಾನೆ ನಿಮ್ಮ ಗೆಳೆಯ. ಖದೀಮ.

ಪದಬೇಟೆ:
ಅಯ್ಯೋ. "ತಲೆಗೆ ಹುಳ ಬಿಟ್ಟು" ಅಂತ ನಾನೇ ಬರೆದಿದ್ದೇನೆ! ಮೂರನೆಯದೂ ಸಿಕ್ಕಿತು. ಮೀನು. ಮೀನಮೇಷ, ನಕ್ಷತ್ರಮೀನು, ಮೀನಖಂಡ. ಮೇಷ ಮತ್ತು ನಕ್ಷತ್ರ ಜೊತೆಗಿದ್ದದ್ದಕ್ಕೆ ಜಾತಕದಿಂದ ಆಚೆ ಬರಲಿಕ್ಕೇ ಆಗಿರಲಿಲ್ಲ. ಖಂಡ ಅಂದರೆ ಏಷ್ಯಾ, ಆಫ್ರಿಕಾ ಅಂತಲೇ ತಲೆಯಲ್ಲಿತ್ತು, ಕಾಲಿನ ಹಿಂಭಾಗ ಅಂತ ಯಾರಿಗೆ ಹೊಳೆಯುತ್ತದೆ ಹೇಳಿ.

ಆದರೆ ಮತ್ತೆ ಅದೇ ತಕರಾರು. ಎರಡು ಕಡೆ ಮೀನ, ಒಂದು ಕಡೆ ಮೀನು. ಇದು ಒಂದೇ ಪದ ಹೇಗಾಯಿತು?

ಸಂಧಿಕಾಲ:
ಮೊದಲು ಕಾಲ, ಗಾಲದ ವಿಷಯ. ಇದು ಮೋಸ ಅಲ್ಲ, ಸ್ಕೂಲಲ್ಲಿ ಓದಿದ ಆದೇಶ ಸಂಧಿ. ಎರಡು ಪದ ಕೂಡುವಾಗ ಎರಡನೆಯದರ ಮೊದಲಿನ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಕಣ್ ಮತ್ತು ಪನಿ ಸೇರಿ ಕಂಬನಿ. ಹೊಸ ಮತ್ತು ಕನ್ನಡ ಸೇರಿ ಹೊಸಗನ್ನಡ. ಪದ ಬದಲಾಗಿಲ್ಲ, ಹೊಲಿಗೆ ಬಿದ್ದ ಜಾಗದಲ್ಲಿ ಸ್ವಲ್ಪ ಮಡಚಿಕೊಂಡಿದೆ ಅಷ್ಟೆ. ಹಾಗಾಗಿ ಉತ್ತರ ಕಾಲವೇ.

ಇನ್ನೂ ಒಂದು ಇದೆ. ನಾಲ್ಕನೆಯ ಒಗಟಿನ ಉತ್ತರ ನಾನು ಹೇಳಲ್ಲ, ಆದರೆ ಅದನ್ನು ಬಿಡಿಸಿದ ಮೇಲೆ ನೋಡಿ, ಅಲ್ಲಿ ಉತ್ತರದ ಪದ ಹಾಗೇ ಇರುತ್ತದೆ, ಸುಳಿವಿನ ಪದವೇ ಬದಲಾಗುತ್ತದೆ. ಅದೂ ಕನ್ನಡಿ ಮಾತ್ರ ಮೆತ್ತಗಾಗುತ್ತದೆ. ತೋಟ ಎಂದಿಗೂ ದೋಟ ಆಗಲ್ಲ. ಅಂದರೆ ಸಂಧಿ ಎಲ್ಲ ಕಡೆ ಒಂದೇ ಥರ ಆಗುತ್ತದೆ ಅಂತ ನಂಬಿ ಕೂರಬೇಡಿ. ಕಿವಿ ಏನು ಹೇಳುತ್ತದೋ ಅದೇ ಸರಿ. ಪೆನ್ಸಿಲ್ ಅವರು ಜೋರಾಗಿ ಓದಿ ಅಂದದ್ದು ಅದಕ್ಕೇ ಒಳ್ಳೆಯ ಮಾತು. ಕನ್ನಡದಲ್ಲಿ ಈ ಒಗಟನ್ನು ಕಣ್ಣಿನಲ್ಲಿ ಬಿಡಿಸಲು ಹೋದರೆ ಅರ್ಧ ಉತ್ತರ ಕಾಣುವುದೇ ಇಲ್ಲ.

ಮೀನ, ಮೀನು: ಮೀನಮೇಷ ಸಂಸ್ಕೃತದ ದಾರಿಯಿಂದ ಬಂದದ್ದು, ಅದಕ್ಕೇ ಮೀನ. ಮೀನು ಕನ್ನಡದ್ದು. ಆದರೆ ಸಂಸ್ಕೃತದ ಮೀನ ಕೂಡ ದ್ರಾವಿಡ ನುಡಿಗಳಿಂದಲೇ ಅಲ್ಲಿಗೆ ಹೋದದ್ದು ಅಂತ ಅನೇಕ ಭಾಷಾ ವಿದ್ವಾಂಸರು ಹೇಳುತ್ತಾರೆ. ಹಾಗಾಗಿ ಇವೆರಡೂ ಒಂದೇ ಮನೆಯವು ಅಂತ ಬಿಟ್ಟುಬಿಡಿ. ವ್ಯಾಕರಣದ ಹಿರಿಯರು ಕನ್ನಡ ಪದ, ಸಂಸ್ಕೃತ ಪದ ಹೀಗೆ ಬೆರೆಸಿದರೆ ಅರಿಸಮಾಸ ಅಂತ ಮುಖ ಗಂಟಿಕ್ಕುತ್ತಿದ್ದರು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲೂ ಈ ಮಾತಿದೆ. ಆದರೆ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು. ಮಳೆಗಾಲ ಇಲ್ಲದೆ ಬದುಕಲು ಆಗುತ್ತಾ?

ಎರಡನೇ ಗುಟುಕು:
ಈ ಆಟ ಬರೀ ಟೈಂಪಾಸ್ ಅಲ್ಲ, ಮನಃಶಾಸ್ತ್ರದವರು ಇದನ್ನು ಪ್ರಯೋಗಕ್ಕೇ ಬಳಸುತ್ತಾರೆ. ಅಮೆರಿಕದ ಸಾರ್ನಾಫ್ ಮೆಡ್ನಿಕ್ ಅನ್ನುವವರು 1962ರಲ್ಲಿ ಒಂದು ಲೇಖನ ಬರೆದರು. ದೂರದೂರದ ಸಂಗತಿಗಳನ್ನು ಜೋಡಿಸುವುದೇ ಸೃಜನಶೀಲತೆ ಅನ್ನುವುದು ಅವರ ವಾದ. ಅದನ್ನು ಅಳೆಯಲು ಮೂರು ಪದ ಕೊಟ್ಟು ನಾಲ್ಕನೆಯದು ಕೇಳುವ ಪರೀಕ್ಷೆ ಮಾಡಿದರು. ಅವರದರಲ್ಲಿ ಕೊಂಡಿ ಯಾವ ಥರದ್ದಾದರೂ ಆಗಬಹುದಿತ್ತು, ಅರ್ಥದ ನಂಟು ಇದ್ದರೂ ನಡೆಯುತ್ತಿತ್ತು. ಆಮೇಲೆ 2003ರಲ್ಲಿ ಇಬ್ಬರು ಸಂಶೋಧಕರು ಬರೀ ಜೋಡುಪದದ ಒಗಟುಗಳನ್ನೇ 144 ಮಾಡಿ, ಯಾವುದು ಎಷ್ಟು ಜನಕ್ಕೆ ಬಿಡಿಸಲು ಬರುತ್ತದೆ ಅಂತ ಪಟ್ಟಿ ಕೊಟ್ಟರು. ನಿಮ್ಮ ಗೆಳೆಯ ಮಾಡಿರುವುದು ಈ ಎರಡನೆಯ ಜಾತಿ.

ನಿಮ್ಮ ರಾಶಿ, ಸೀರೆ ಕಥೆಗೂ ಅಲ್ಲೊಂದು ಉತ್ತರ ಇದೆ. 1991ರ ಒಂದು ಪ್ರಯೋಗದಲ್ಲಿ ಬೇಕಂತಲೇ ತಪ್ಪು ಪದವನ್ನು ಜನರ ತಲೆಗೆ ತುಂಬಿ ನೋಡಿದರು. ಅವರು ಅಲ್ಲೇ ಸಿಕ್ಕಿಹಾಕಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಬಂದವರಿಗೆ ಆ ತಪ್ಪು ಪದದ ಹಿಡಿತ ಸಡಿಲವಾಗಿ, ಬಿಡಿಸಲು ಸುಲಭವಾಯಿತು. ಎರಡು ಸುಳಿವಿಗೆ ಸರಿಹೋಗಿ ಮೂರನೆಯದಕ್ಕೆ ಕೈಕೊಡುವ ಪದ ಇದೆಯಲ್ಲ, ಅದೇ ದೊಡ್ಡ ಶತ್ರು. ಅದನ್ನು ಹಾಳೆಯ ಮೇಲೆ ಬರೆದು ಗೀಟು ಹೊಡೆದುಬಿಡಿ. ತಲೆಯಲ್ಲೇ ಇಟ್ಟುಕೊಂಡರೆ ಅದು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ.

ಸುಮ್ನೆ ಬಂದೆ:
"ಕೈಕೊಡುವ ಪದ" ಅಂತ ಬೇಕಂತ ಬರೆದಿರಾ ಅಥವಾ ನೀವೂ ನೋಡದೆ ಬರೆದಿರಾ?

ಎರಡನೇ ಗುಟುಕು:
ನೋಡದೇ. ಛೆ.

ಪದಬೇಟೆ:
ಕೈ! ಕೈಮರ, ಕೈತೋಟ, ಕೈಗನ್ನಡಿ! ಕೈಚೆಲ್ಲಿ, ಕೈಯಾರೆ, ಕೈಕೊಡುವ... ಈ ಪುಟದ ತುಂಬಾ ಕೈಗಳೇ ಇವೆ, ನಾನು ಮಾತ್ರ ಮಾವಿನ ತೋಟದಲ್ಲಿ ನಿಂತಿದ್ದೆ.

ಆದರೆ ಕೈಮರ ಈಗ ಯಾರು ಹೇಳುತ್ತಾರೆ? ದಾರಿ ತೋರಿಸುವ ಕಂಬ ಅಂತ ನನಗೆ ಗೊತ್ತು, ನನಗಿಂತ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ನಾನೂ ಗೆಳೆಯನಿಗೆ ತಿರುಗಿ ನಾಲ್ಕು ಒಗಟು ಕಳಿಸಬೇಕು ಅಂತಿದ್ದೇನೆ. ಮಾಡುವುದು ಹೇಗೆ?

ಅರ್ಧ ಹಾಳೆ:
ಇಂಥವನ್ನು ನಾನು ಜಾಸ್ತಿ ಮಾಡುತ್ತೇನೆ, ಜಾಸ್ತಿ ಬೈಸಿಕೊಂಡೂ ಇದ್ದೇನೆ, ಅದಕ್ಕೇ ಹೇಳುತ್ತೇನೆ.

ಸುಳಿವಿನಿಂದ ಶುರು ಮಾಡಬೇಡಿ, ಉತ್ತರದಿಂದ ಶುರು ಮಾಡಿ. ಒಂದು ಪದ ಹಿಡಿದುಕೊಂಡು ಅದು ಎಲ್ಲೆಲ್ಲಿ ಅಂಟುತ್ತದೆ ಅಂತ ಒಂದು ಹಾಳೆ ತುಂಬಾ ಬರೆಯಿರಿ. ನೀರು ಅಂತ ಇಟ್ಟುಕೊಳ್ಳಿ. ಬಿಸಿನೀರು, ಮಳೆನೀರು, ಕುಡಿಯುವ ನೀರು ಅಂತ ಮೊದಲು ಬರುತ್ತವೆ. ಇವನ್ನು ಹೊಡೆದುಹಾಕಿ. ಎಲ್ಲದರಲ್ಲೂ ನೀರು ನೀರೇ, ಒಗಟಿಗೆ ರುಚಿಯೇ ಇಲ್ಲ. ಹಾಳೆಯ ಕೆಳಗೆ ಬಂದ ಹಾಗೆ ಕಣ್ಣೀರು, ನೀರ್ಗುಳ್ಳೆ, ನೀರಾನೆ ಸಿಗುತ್ತವೆ. ಈಗ "ಆನೆ, ಗುಳ್ಳೆ, ಕಣ್ಣು" ಅಂತ ಕೊಟ್ಟು ನೋಡಿ. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಉತ್ತರ ಕೇಳಿದ ಮೇಲೆ, ಅರೆ ಹೌದಲ್ಲ ಅನ್ನಿಸುತ್ತದೆ. ಆ "ಹೌದಲ್ಲ" ಬರದಿದ್ದರೆ ಒಗಟು ಕೆಟ್ಟಿದೆ ಅಂತ ಅರ್ಥ. ನಿಮ್ಮ ಗೆಳೆಯನ ಮೂರನೆಯ ಒಗಟು ನನಗೆ ತುಂಬಾ ಹಿಡಿಸಿದ್ದು ಅದಕ್ಕೇ. ಮೀನಖಂಡದಲ್ಲಿ ಈಜುವ ಮೀನಿಲ್ಲ, ಮೀನಮೇಷ ಎಣಿಸುವವನು ಆಕಾಶ ನೋಡುತ್ತಿಲ್ಲ, ನಕ್ಷತ್ರಮೀನು ನಿಜ ಹೇಳಬೇಕೆಂದರೆ ಮೀನೇ ಅಲ್ಲ.

ಎರಡನೆಯ ಉತ್ತರ ಇದೆಯಾ ಅಂತ ಹುಡುಕಿ. ಇಲ್ಲೇ ನನ್ನ ಮರ್ಯಾದೆ ಹೋದದ್ದು. ಒಮ್ಮೆ "ಕೋಳಿ, ನಾಯಿ, ಆನೆ" ಅಂತ ಕೊಟ್ಟೆ. ನನ್ನ ಉತ್ತರ ಕಾಡು. ಕಾಡುಕೋಳಿ, ಕಾಡುನಾಯಿ, ಕಾಡಾನೆ. ಚೆನ್ನಾಗಿದೆ ಅಂದುಕೊಂಡು ಕೂತಿದ್ದೆ. ಒಬ್ಬರು ಬಂದು ಶಾಂತವಾಗಿ "ನೀರು" ಅಂದರು. ನೀರುಕೋಳಿ, ನೀರುನಾಯಿ, ನೀರಾನೆ. ಮೂರಕ್ಕೆ ಮೂರೂ ಸರಿ! ಅರ್ಧ ಗಂಟೆ ವಾದ ಮಾಡಿದೆ, ಸುಮ್ನೆ. ಸೋಲು ಒಪ್ಪಿಕೊಳ್ಳಲೇಬೇಕಾಯಿತು. ಆಮೇಲೆ ಕೋಳಿ ತೆಗೆದು ಹರಟೆ ಹಾಕಿದೆ. ಕಾಡುಹರಟೆ ಇದೆ, ನೀರುಹರಟೆ ಇಲ್ಲ. ಪ್ರಾಣಿಗಳ ಸಾಲಿನಲ್ಲಿ ಹರಟೆ ಬಂದು ಕೂತದ್ದರಿಂದ ಒಗಟು ಮೊದಲಿಗಿಂತ ಚೆನ್ನಾಯಿತು.

ಕೈ, ಕಣ್ಣು, ಬಾಯಿ, ತಲೆ ಉತ್ತರವಾಗಿ ಇಡುವುದನ್ನು ಆದಷ್ಟು ಬಿಡಿ. ಅವು ಕನ್ನಡದಲ್ಲಿ ಎಲ್ಲದಕ್ಕೂ ಅಂಟುತ್ತವೆ, ಆಡುವವರು ಎರಡನೇ ದಿನಕ್ಕೇ ಮೊದಲು ಕೈ ಹಾಕಿ ನೋಡಲು ಕಲಿತುಬಿಡುತ್ತಾರೆ. ಕೈಮರದ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮೂರರಲ್ಲಿ ಒಂದು ಅಪರೂಪದ್ದು ಇರಲಿ, ಉಳಿದೆರಡು ಅದನ್ನು ಹಿಡಿದು ಎಳೆದು ತರುತ್ತವೆ. ಎರಡು ಅಪರೂಪದ್ದಾದರೆ ಅದು ನಿಘಂಟು ಪರೀಕ್ಷೆ, ಆಟ ಅಲ್ಲ.

ಕ್ರಿಯಾಪದವನ್ನು ಸುಳಿವಾಗಿ ಇಡಲು ಹೆದರಬೇಡಿ. ನಮ್ಮ ನುಡಿಗಟ್ಟುಗಳ ಜೀವ ಇರುವುದೇ ಅಲ್ಲಿ. ಇಲ್ಲೊಂದು ಇದೆ, ಬಿಡಿಸಿ: ಬಂಗಾರ, ನೀರು, ಹಾರಿಸು.

ಸಂಧಿಕಾಲ:
ಒಂದು ಸೇರಿಸುತ್ತೇನೆ. ಕೊಂಡಿ ಹಿಂದೆ ಬರುತ್ತದೋ ಮುಂದೆ ಬರುತ್ತದೋ ಅಂತ ಹೇಳಬೇಕೋ ಬೇಡವೋ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಹೊಸಬರಿಗೆ ಹೇಳಿದರೆ ಒಳ್ಳೆಯದು. ಪಳಗಿದವರಿಗೆ ಹೇಳಿದರೆ ಅವಮಾನ ಮಾಡಿದ ಹಾಗೆ.

ಸುಮ್ನೆ ಬಂದೆ:
ಗುಂಡು? ಗುಂಡು ಹಾರಿಸು, ಬಂಗಾರದ ಗುಂಡು...

ಅರ್ಧ ಹಾಳೆ:
ನೀರುಗುಂಡು ಎಲ್ಲಿದೆ ತೋರಿಸಿ.

ಸುಮ್ನೆ ಬಂದೆ:
ಬಾವುಟ. ಗಾಳಿಪಟ. ಚಟಾಕಿ! ಹಾಸ್ಯ ಚಟಾಕಿ ಹಾರಿಸು. ಬಂಗಾರದ ಚಟಾಕಿ... ಬೇಡ ಬಿಡಿ.

ಹಳೇ ಪೆನ್ಸಿಲ್:
ಮೂರೂ "ಹಾರಿಸು" ಹಿಡಿದುಕೊಂಡು ಹೋಗಿದ್ದೀರಿ. ಬಂಗಾರದಿಂದ ಬನ್ನಿ. ಅದು ಅಸಲಿ ಬಂಗಾರ ಅಲ್ಲ ಅಂತ ಮಾತ್ರ ಹೇಳುತ್ತೇನೆ. ನನಗೆ ಸಿಕ್ಕಿದೆ.

ಪದಬೇಟೆ:
ಸಿಕ್ಕಿತು! ಕಿಟಕಿಯ ಹೊರಗೆ ನೋಡಿದೆ, ಉತ್ತರ ತಂತಿಯ ಮೇಲೆ ಕೂತಿತ್ತು. ಇಲ್ಲಿ ಹೇಳಲ್ಲ, ಉಳಿದವರೂ ಒದ್ದಾಡಲಿ. ಇದನ್ನು ಈಗಲೇ ಗೆಳೆಯನಿಗೆ ಕಳಿಸುತ್ತೇನೆ.

ಸುಮ್ನೆ ಬಂದೆ:
ನನಗೂ ಯಾವಾಗಲೋ ಸಿಕ್ಕಿತ್ತು. ಸುಮ್ನೆ ನಿಮ್ಮನ್ನು ಆಡಿಸುತ್ತಿದ್ದೆ.

ಅರ್ಧ ಹಾಳೆ:
ನಿಜವಾಗ್ಲೂ? ಅಥವಾ ಈಗ ಹಾರಿಸುತ್ತಿರುವುದೂ ಅದೇನಾ?