ಸಹಾಯ ಬೇಕು: ಲಿರ್‌ನ ಮಕ್ಕಳ ಕಥೆಯ ಕೊನೆ ಹೇಗೆ ಹೇಳಲಿ?

ನಮಸ್ಕಾರ. ನಾವಿರುವುದು ಡಬ್ಲಿನ್‌ನಲ್ಲಿ. ಇಲ್ಲಿ ಪಾರ್ನೆಲ್ ಸ್ಕ್ವೇರ್‌ನ ಉದ್ಯಾನದಲ್ಲಿ ಮಕ್ಕಳು ಹಂಸಗಳಾಗುವ ದೊಡ್ಡ ಶಿಲ್ಪ ಇದೆ. ಅದನ್ನು ನೋಡಿದಾಗಿನಿಂದ ಆರು ವರ್ಷದ ಮಗಳಿಗೆ ಆ ಕಥೆ ಕನ್ನಡದಲ್ಲೇ ಬೇಕಂತೆ.

ಇದು ಐರ್ಲೆಂಡಿನ ಹಳೆಯ ದಂತಕಥೆ. ಲಿರ್ ದೊರೆಯ ನಾಲ್ಕು ಮಕ್ಕಳನ್ನು ಮಲತಾಯಿ ಈಫಾ ಹಂಸ ಮಾಡುತ್ತಾಳೆ. 900 ವರ್ಷದ ಶಾಪ. ಡೆರವರಾ ಸರೋವರದಲ್ಲಿ 300, ಮಾಯ್ಲ್ ಕಡಲಲ್ಲಿ 300, ಪಶ್ಚಿಮದ ಕಡಲಲ್ಲಿ 300. ಇಲ್ಲಿಯವರೆಗೆ ಸಲೀಸು. ಕೊರೆಯುವ ಚಳಿಯಲ್ಲಿ ಅಕ್ಕ ಫಿನೂಲಾ ಇಬ್ಬರು ತಮ್ಮಂದಿರನ್ನು ಎರಡು ರೆಕ್ಕೆಯಡಿ, ಇನ್ನೊಬ್ಬನನ್ನು ಎದೆಯ ಪುಕ್ಕದೊಳಗೆ ಬಚ್ಚಿಟ್ಟುಕೊಳ್ಳುವಾಗ ಮಗಳೂ ನನ್ನ ಕಂಬಳಿಯೊಳಗೆ ನುಸುಳುತ್ತಾಳೆ.

ತೊಡಕು ಆಮೇಲೆ. ಗಂಟೆ ಮೊಳಗುತ್ತದೆ, ಶಾಪ ಬಿಡುತ್ತದೆ, ಗರಿ ಉದುರಿದರೆ ಒಳಗಿರುವುದು ಹಣ್ಣುಹಣ್ಣು ಮುದುಕರು. ಸ್ವಲ್ಪ ಹೊತ್ತಲ್ಲೇ ಸಾಯುತ್ತಾರೆ. ರೆಕ್ಕೆಯಡಿ ಇದ್ದ ಹಾಗೇ ತಮ್ಮಂದಿರನ್ನು ಜೊತೆಗಿಟ್ಟು ಹೂಳಿ ಅಂತ ಫಿನೂಲಾ ಕೇಳುತ್ತಾಳೆ. ಅದನ್ನು ಹೇಳಲು ನನಗೇ ಗಂಟಲು ಕಟ್ಟುತ್ತದೆ.

'ಮತ್ತೆ ಮಕ್ಕಳಾಗಿ ಮನೆಗೆ ಹೋದರು' ಅಂತ ಒಮ್ಮೆ ಹೇಳಿ ನೋಡಿದೆ. 'ಅಪ್ಪ ಅಷ್ಟು ವರ್ಷ ಕಾಯ್ತಾ ಇದ್ರಾ?' ಅಂದಳು. ಗಂಟೆಯ ಸದ್ದಿಗೇ ನಿಲ್ಲಿಸಿದರೆ 'ಆಮೇಲೆ?' ಅನ್ನುತ್ತಾಳೆ. ಸುಮ್ನೆ ಸುಳ್ಳು ಹೇಳಲು ಮನಸ್ಸಿಲ್ಲ, ಹೆದರಿಸಲೂ ಇಷ್ಟವಿಲ್ಲ.

ಇಷ್ಟು ಚಿಕ್ಕ ಮಕ್ಕಳಿಗೆ ಸಾವಿನ ಕೊನೆಯಿರುವ ಕಥೆ ಹೇಳಿದವರು ಇದ್ದೀರಾ? ಮುದುಕರಾಗಿ ಸಾಯುವುದನ್ನು ಇದ್ದ ಹಾಗೇ ಹೇಳಿದಿರಾ, ಅಥವಾ ಬಿಟ್ಟಿರಾ? ಹೇಳಿದ್ದರೆ, ಆ ಒಂದೆರಡು ವಾಕ್ಯ ಇಲ್ಲಿ ಬರೆಯುತ್ತೀರಾ?