ಬಿ117 ಉಪ್ಪುಮಂಜಿನ ಪರೀಕ್ಷೆಯಲ್ಲಿ ಪಾಸ್, ಕಡಲ ದಡದಲ್ಲಿ ಫೇಲ್. ತಲೆ ಕೆಟ್ಟುಹೋಗಿದೆ!

ಗೀರುಗಾರ:
2024-ಟಿ3 ಅಲ್ಯುಮಿನಿಯಂ ಮಿಶ್ರಲೋಹದ ಪ್ಯಾನಲ್, ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್. ಉಪ್ಪುಮಂಜಿನ ಚೇಂಬರಿನಲ್ಲಿ 2000 ಗಂಟೆ ಇಟ್ಟರೂ ಬೇಕಂತಲೇ ಹಾಕಿದ ಗೀರಿನ ಪಕ್ಕ ಒಂದು ಗುಳ್ಳೆ ಇಲ್ಲ. ಅದೇ ಬ್ಯಾಚಿನವು ದಡದ ರ‍್ಯಾಕಿನಲ್ಲಿ ನಾಲ್ಕೇ ತಿಂಗಳಿಗೆ ಹೀಗಾಗಿವೆ: ಬಣ್ಣದಡಿ ಹುಳು ಹರಿದ ಹಾಗೆ ಎಳೆಗಳು. ಸೋಮವಾರ ವರದಿ ಕೊಡಬೇಕು, ಬೇಗ ಹೇಳಿ.

ಮಂಜುಪೆಟ್ಟಿಗೆ:
ಚೇಂಬರೇ ಸರಿ ಇಲ್ಲ. ಮಂಜು ಎಷ್ಟು ಬೀಳ್ತಿದೆ? 80 ಚದರ ಸೆಂ.ಮೀ.ಗೆ ಗಂಟೆಗೆ 1ರಿಂದ 2 ಮಿ.ಲೀ. ಬರಬೇಕು.

ಗೀರುಗಾರ:
1.4. ಪಿಎಚ್ 6.8. ಅಷ್ಟೂ ನೋಡದೆ ಇಲ್ಲಿಗೆ ಬರ್ತೀನಾ?

ಮಂಜುಪೆಟ್ಟಿಗೆ:
ನಳಿಕೆ ಬದಲಿಸಿದ್ರಾ? ಪ್ಯಾನಲ್ ಲಂಬದಿಂದ 15–30 ಡಿಗ್ರಿ ಓರೆ ಇದೆಯಾ?

ಉಪ್ಪುಗಾಳಿ:
ಚೇಂಬರ್ ಬಿಡಿ ಮಾರಾಯ್ರೆ. ಅಲ್ಲಿ 35 ಡಿಗ್ರಿಯಲ್ಲಿ ಹಗಲೂ ರಾತ್ರಿ ಒದ್ದೆ. ಒಣಗೋದೂ ಇಲ್ಲ, ಬಿಸಿಲೂ ಇಲ್ಲ. ಈ ಎಳೆ ತುಕ್ಕಿಗೆ ಬೇಕಾದದ್ದು ತೇವದ ಗಾಳಿ, ಸುರಿಯುವ ನೀರಲ್ಲ. ಐಎಸ್‌ಒ 4623-2 ಪರೀಕ್ಷೆ ಇರೋದೇ ಇದಕ್ಕೆ: ಮೊದಲು ಹೈಡ್ರೋಕ್ಲೋರಿಕ್ ಆಮ್ಲದ ಆವಿ, ಆಮೇಲೆ 40 ಡಿಗ್ರಿ, ಶೇ. 82 ತೇವ. ಮೇಲಾಗಿ ಕಡಲುಪ್ಪಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುತ್ತೆ. ಬರೀ ಸೋಡಿಯಂ ಕ್ಲೋರೈಡ್ ಗಾಳಿಯ ತೇವ ಶೇ. 75ರ ಹತ್ತಿರ ಬಂದಾಗ ನೀರು ಹೀರಿದರೆ, ಇದು ಶೇ. 33ಕ್ಕೇ ಹೀರುತ್ತೆ.

ಪದಪ್ರೇಮಿ:
ಅಲ್ಯುಮಿನಿಯಂಗೆ ತುಕ್ಕಾ? ತುಕ್ಕು ಕಬ್ಬಿಣಕ್ಕೆ.

ಉಪ್ಪುಗಾಳಿ:
ಮತ್ತೇನನ್ನಲಿ, ಕಿಲುಬು ಅನ್ನಲಾ?

ಪದಪ್ರೇಮಿ:
ಕಿಲುಬು ತಾಮ್ರಕ್ಕೆ. ಸವೆತ ಅನ್ನಿ.

ಉಪ್ಪುಗಾಳಿ:
ಸವೆತ ಅಂದ್ರೆ ಉಜ್ಜಿ ಸವೆಯೋದು. ಕೊರೋಷನ್ ಅಂತೀನಿ, ಸಾಕಾ?

ಹಳೇರೆಕ್ಕೆ:
ಗೀರುಗಾರರೇ, ಶೀಟು ಕ್ಲಾಡಾ (ಮೇಲೆ ಶುದ್ಧ ಅಲ್ಯುಮಿನಿಯಂ ಪದರ ಇರೋದು), ಇಲ್ಲಾ ಪದರ ಇಲ್ಲದ ಬರೀ ಮಿಶ್ರಲೋಹವಾ?

ಗೀರುಗಾರ:
ಕ್ಲಾಡ್. 0.8 ಮಿ.ಮೀ. ಹೇಳಿರಲಿಲ್ವಾ?

ಹಳೇರೆಕ್ಕೆ:
ಇಲ್ಲ. ಎರಡೂ ಕಡೆಯವಕ್ಕೆ ಗೀರು ಹಾಕಿದ್ದು ಯಾವುದರಲ್ಲಿ?

ಗೀರುಗಾರ:
ಚೇಂಬರಿನವಕ್ಕೆ ಬ್ಲೇಡು. ರ‍್ಯಾಕಿನವನ್ನು ಬೇರೆಯವರು ಕಾರ್ಬೈಡ್ ಮೊನೆಯಲ್ಲಿ ಗೀರಿದರು. ಗೀರು ಗೀರೇ ಅಲ್ವಾ?

ಹಳೇರೆಕ್ಕೆ:
ಅಲ್ಲ. ಕ್ಲಾಡ್ ಪದರ ಒಂದೊಂದು ಬದಿಗೆ ದಪ್ಪದ ಸುಮಾರು ಶೇ. 5, ನಿಮ್ಮದರಲ್ಲಿ 40 ಮೈಕ್ರಾನ್. ಬ್ಲೇಡು ಬಣ್ಣ ಸೀಳಿ ಕ್ಲಾಡಿನಲ್ಲೇ ನಿಂತಿರಬಹುದು. ಕಾರ್ಬೈಡ್ ಒಳಗಿನ ತಾಮ್ರ ಬೆರೆತ 2024ರ ತನಕ ಇಳಿದಿದ್ದರೆ, ಅದನ್ನು ಕಾಯಲು ಹೋಗಿ ಕ್ಲಾಡ್ ತಾನೇ ಬಣ್ಣದಡಿ ಪಕ್ಕಕ್ಕೆ ಕರಗುತ್ತಾ ಹೋಗುತ್ತೆ. ಹಾಗಿದ್ದರೆ ನೀವು ಹೋಲಿಸ್ತಿರೋದು ಎರಡು ಬೇರೆ ಪರೀಕ್ಷೆ. ಎರಡೂ ಗೀರು ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ಆಳ ನೋಡಿ. ಪ್ರೈಮರಿನಲ್ಲಿ ಕೊರೋಷನ್ ತಡೆಯುವ ಕ್ರೋಮೇಟ್ ಇದೆಯಾ? ರ‍್ಯಾಕಿನ ಬೋಲ್ಟು ಸ್ಟೇನ್‌ಲೆಸ್ಸಾ? ಅದು ಅಲ್ಯುಮಿನಿಯಂಗೆ ತಾಗದ ಹಾಗೆ ನೈಲಾನ್ ವಾಷರ್ ಹಾಕಿದ್ರಾ?

ಉಪ್ಪುಗಾಳಿ:
ಕ್ಲಾಡ್ ಮೇಲೂ ಎಳೆ ಬರುತ್ತೆ. ನನ್ನ ಮಾತು ಬಿದ್ದುಹೋಗಲಿಲ್ಲ.

ಗೀರುಗಾರ:
ಬ್ಲೇಡಿನ ಗೀರು ಕೊಯ್ದು ನೋಡಿದೆ. 15 ಮೈಕ್ರಾನೂ ಇಳಿದಿಲ್ಲ. ಇನ್ನೊಂದನ್ನು ನಾಳೆ ಕೊಯ್ತೀನಿ. ಕ್ರೋಮೇಟ್ ಇಲ್ಲದ ಪ್ರೈಮರ್. ವಾಷರ್ ಹಾಕಬೇಕಿತ್ತಾ?

ಮಂಜುಪೆಟ್ಟಿಗೆ:
ನಾನು ಹಳೇ ಮೀನಿನ ತೊಟ್ಟಿಯಲ್ಲಿ ಚೇಂಬರ್ ಕಟ್ಟಿದ್ದೀನಿ, ಒಂದು ಗಂಟೆ ಮಂಜು, ಒಂದು ಗಂಟೆ ಒಣಗಿಸೋದು, ಎಲ್ಲಾ ಟೈಮರಿನಲ್ಲೇ. ಫೋಟೋ ಹಾಕ್ತೀನಿ. ಆದ್ರೂ ಆ ನಳಿಕೆ ಒಂದ್ಸಲ ಬದಲಿಸಿ ನೋಡಿ.